ಬಾರ್ಸಾ ಊರಿಗೆ ಇಲ್ಲದ ತಂಡ ಜಿಬ್ರಾಲ್ಟರ್‌ಗೆ ಯಾಕಿದೆ?

[ಕಾರವಾರ, ಮಾಲಾದೇವಿ ಮೈದಾನ. ಹಿಂದೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ]

ನಮಸ್ಕಾರ. ಹಿಂದೆ ನೋಡಿ, ಬಾರ್ಸಿಲೋನಾ ಜೆರ್ಸಿ ಎಷ್ಟಿದೆ! ಗೋವಾ ಪಕ್ಕದಲ್ಲೇ ಇದೆ, ಹಾಗಾಗಿ ನಮ್ಮೂರಿಗೆ ಈ ಹುಚ್ಚು ಸ್ವಲ್ಪ ಜಾಸ್ತಿ. ಸದಾಶಿವಗಡದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು: ಬಾರ್ಸಿಲೋನಾ ಇರುವ ಕ್ಯಾಟಲೋನಿಯಾದಲ್ಲಿ ಸುಮಾರು 80 ಲಕ್ಷ ಜನ, ಜಿಬ್ರಾಲ್ಟರ್‌ನಲ್ಲಿ ಮೂವತ್ತು ಚಿಲ್ಲರೆ ಸಾವಿರ. ಆದರೆ ವರ್ಲ್ಡ್‌ಕಪ್ ಕ್ವಾಲಿಫೈಯರ್ ಆಡೋದು ಜಿಬ್ರಾಲ್ಟರ್. ಇದ್ಯಾವ ನ್ಯಾಯ?

ಮೊದಲು ಬೇಗ ಬೇಗ ಮೂಲ ಮಾಹಿತಿ. ಕ್ಯಾಟಲೋನಿಯಾ ಸ್ಪೇನಿನ ಒಂದು ಪ್ರಾಂತ್ಯ. ಅದಕ್ಕೆ ಸ್ವಂತ ಭಾಷೆ ಇದೆ, ಸ್ವಂತ ಸಂಸತ್ತಿದೆ. ಜಿಬ್ರಾಲ್ಟರ್ ಸ್ಪೇನಿನ ದಕ್ಷಿಣ ತುದಿಯಲ್ಲಿ ಬ್ರಿಟನ್ ಕೈಯಲ್ಲಿರುವ ಪುಟ್ಟ ಊರು, ಸ್ಪೇನ್ ಅದನ್ನು ತನ್ನದು ಅನ್ನುತ್ತದೆ. ವಿಶ್ವಸಂಸ್ಥೆಯಲ್ಲಿ 193 ದೇಶ, ಫಿಫಾದಲ್ಲಿ 211 ಸದಸ್ಯರು. ಅಂದ್ರೆ ದೇಶವಲ್ಲದವರೂ ಒಳಗಿದ್ದಾರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸೇರಿದರೆ ಒಂದೇ ದೇಶ, ತಂಡ ಮಾತ್ರ ನಾಲ್ಕು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮೊದಲ ಪಂದ್ಯ ಆಡಿದ್ದು 1872ರಲ್ಲಿ. ಫಿಫಾ ಹುಟ್ಟಿದ್ದೇ 1904ರಲ್ಲಿ!

ವಿಚಿತ್ರ ಅನ್ನಿಸಿತಾ? ನಮ್ಮ ರಣಜಿ ನೋಡಿ. ವಿದರ್ಭ ರಾಜ್ಯವಲ್ಲ, ಸೌರಾಷ್ಟ್ರವೂ ಅಲ್ಲ. ಆದರೂ ಸ್ವಂತ ತಂಡ ಇದೆ. ಗುಜರಾತಿನಿಂದ ಮೂರು, ಮಹಾರಾಷ್ಟ್ರದಿಂದ ಮೂರು. ವಿದರ್ಭ ಮೂರು ಸಲ ರಣಜಿ ಗೆದ್ದೂ ಆಯಿತು. ಹಾಗಾದರೆ ಉತ್ತರ ಕನ್ನಡಕ್ಕೂ ಒಂದು ತಂಡ ಕೇಳೋಣವಾ? ಬೇಡ ಬಿಡಿ. ಕ್ಯಾಪ್ಟನ್ ಘಟ್ಟದ ಮೇಲಿನವನೋ ಕೆಳಗಿನವನೋ ಅಂತ ತೀರ್ಮಾನ ಆಗುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಶಿರಸಿಯವರು ಹೇಗೂ ಪ್ರತ್ಯೇಕ ಜಿಲ್ಲೆ ಕೇಳುತ್ತಿದ್ದಾರೆ, ಜೊತೆಗೆ ಪ್ರತ್ಯೇಕ ವಿಕೆಟ್‌ಕೀಪರ್ ಕೂಡ ಕೇಳುತ್ತಾರೆ.

[ಸ್ಕ್ರೀನ್ ಮೇಲೆ: ರೋಲರ್ ಹಾಕಿ ದೃಶ್ಯ]

ಈಗ ಬಂತು ನನ್ನ ಫೇವರಿಟ್ ಭಾಗ. ಕ್ಯಾಟಲನ್ನರು ಸುಮ್ನೆ ಕೂತವರಲ್ಲ. ಸ್ವಂತ ತಂಡಗಳಿಗಾಗಿಯೇ 1998ರಲ್ಲಿ ಒಂದು ವೇದಿಕೆ ಕಟ್ಟಿದರು, ಲಕ್ಷಗಟ್ಟಲೆ ಸಹಿ ಸೇರಿಸಿದರು. 1999ರಲ್ಲಿ ಅವರ ಸಂಸತ್ತು ಇದಕ್ಕಾಗಿ ಕಾನೂನನ್ನೂ ಮಾಡಿತು. ಆದರೆ ಬಾರ್ಸಿಲೋನಾದಲ್ಲಿ ಮಾಡಿದ ಕಾನೂನಿಗೆ ಫಿಫಾ ಯಾಕೆ ತಲೆಬಾಗಬೇಕು? ಹಾಗಾಗಿ ಸಣ್ಣ ಆಟಗಳ ಕಡೆಯಿಂದ ದಾರಿ ಹುಡುಕಿದರು. ಅದರಲ್ಲಿ ಒಂದು ರೋಲರ್ ಹಾಕಿ.

ನಾಲ್ಕು ಚಕ್ರದ ಸ್ಕೇಟ್, ಬಾಗಿದ ಕೋಲು, ಗಟ್ಟಿ ಚೆಂಡು, ಒಂದು ಕಡೆಗೆ ಐದೇ ಜನ. ಗೋಲ್‌ಕೀಪರ್ ನೋಡಿ, ಮುಖಕ್ಕೆ ಜಾಲರಿ ಹಾಕಿಕೊಂಡು ಸ್ಕೇಟ್ ಮೇಲೇ ಕುಕ್ಕರುಗಾಲಲ್ಲಿ ಕೂತಿದ್ದಾನೆ. ನಮ್ಮ ಮಂಡಿಗೆ ಇದು ಎರಡು ನಿಮಿಷವೂ ಆಗಲ್ಲ. ಸ್ಪೇನ್ ಈ ಆಟದಲ್ಲಿ ದೈತ್ಯ, ಆದರೆ ಆ ತಂಡದ ಬಹುಪಾಲು ಹುಡುಗರು ಕ್ಯಾಟಲೋನಿಯಾದವರೇ. ಅವರು ಬೇರೆಯಾದರೆ ಸ್ಪೇನ್ ಕಥೆ ಏನು ಅಂತ ಯೋಚಿಸಿ.

2004ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ರೋಲರ್ ಒಕ್ಕೂಟ ಕ್ಯಾಟಲೋನಿಯಾಗೆ ತಾತ್ಕಾಲಿಕ ಸದಸ್ಯತ್ವ ಕೊಟ್ಟಿತು. ಅಕ್ಟೋಬರ್‌ನಲ್ಲಿ ಮಕಾವ್‌ನಲ್ಲಿ ಎರಡನೇ ದರ್ಜೆಯ ವಿಶ್ವಕಪ್. ಮಕಾವ್ ಕೂಡ ದೇಶವಲ್ಲ! ಪೋರ್ಚುಗೀಸರು 1999ರಲ್ಲಿ ಚೀನಾಕ್ಕೆ ಒಪ್ಪಿಸಿ ಹೋದ ಊರು. ಆದರೂ ಅದಕ್ಕೆ ಸ್ವಂತ ತಂಡ ಇದೆ. ಅಲ್ಲಿ ಕ್ಯಾಟಲೋನಿಯಾ ಕಪ್ ಗೆದ್ದಿತು. ಅಂದ್ರೆ ಮುಂದಿನ ವರ್ಷ ಮೊದಲ ದರ್ಜೆಗೆ ಬಡ್ತಿ, ಸ್ಪೇನ್ ಆಡುವ ಕಡೆಗೇ. ಮ್ಯಾಚ್ ಬಿದ್ದಿದ್ದರೆ ಟಿಕೆಟ್ ಸಿಗುತ್ತಿತ್ತಾ?

ಮ್ಯಾಚ್ ನಡೆಯಲೇ ಇಲ್ಲ. ನವೆಂಬರ್‌ನಲ್ಲಿ ಅಮೆರಿಕದ ಫ್ರೆಸ್ನೋದಲ್ಲಿ ಒಕ್ಕೂಟದ ಸಭೆ ಸೇರಿತು. ಸ್ಪೇನಿನ ವಿರೋಧ ಜೋರಾಗಿತ್ತು. ವೋಟಿಗೆ ಹಾಕಿದರು, ಸದಸ್ಯತ್ವ ಹೋಯಿತು. ಕಪ್ ಗೆದ್ದು ತಿಂಗಳು ಎರಡು ಕಳೆಯುವ ಮೊದಲೇ ತಂಡಕ್ಕೆ ಆಡುವ ಜಾಗ ಇಲ್ಲ. ಕ್ರೀಡಾ ನ್ಯಾಯಾಲಯಕ್ಕೂ ಹೋದರು, ಕೆಲಸ ಆಗಲಿಲ್ಲ. ಆಮೇಲೆ ದಕ್ಷಿಣ ಅಮೆರಿಕದವರ ರೋಲರ್ ಹಾಕಿ ಟೂರ್ನಿ ಕೋಪಾ ಅಮೆರಿಕಾದಲ್ಲಿ ಅತಿಥಿಗಳಾಗಿ ಆಡಿದರು. ಯುರೋಪಿನವರು ಕೋಪಾ ಅಮೆರಿಕಾದಲ್ಲಿ! ಛಲ ಅಂದರೆ ಇದು.

ಉತ್ತರ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಭಾಷೆ, ಜನಸಂಖ್ಯೆ, ಆಟದ ಮಟ್ಟ, ಯಾವುದನ್ನೂ ಯಾರೂ ನೋಡಲ್ಲ. ಈಗಾಗಲೇ ಒಳಗೆ ಕೂತವರು ಕೈ ಎತ್ತಬೇಕು, ಅಷ್ಟೇ. 2009ರ ಡಿಸೆಂಬರ್‌ನಲ್ಲಿ ಕ್ಯಾಟಲೋನಿಯಾ ಫುಟ್‌ಬಾಲ್ ತಂಡ ಮರಡೋನಾ ಕೋಚ್ ಆಗಿದ್ದ ಅರ್ಜೆಂಟೀನಾವನ್ನು 4-2ರಲ್ಲಿ ಸೋಲಿಸಿತು. ಈ ಕಡೆ ಕೋಚ್ ಯೋಹಾನ್ ಕ್ರೈಫ್. ಪಾಯಿಂಟ್ ಎಷ್ಟು ಸಿಕ್ಕಿತು? ಸೊನ್ನೆ. ಅದು ಬರೀ ಸೌಹಾರ್ದ ಪಂದ್ಯ.

[ಟೈಮರ್ ತೋರಿಸಿ]

ಅಯ್ಯೋ, ಟೈಮ್ ಆಗ್ತಾ ಬಂತು, ಜಿಬ್ರಾಲ್ಟರ್ ಹೇಳಲೇ ಇಲ್ಲ. ಚುಟುಕಾಗಿ ಹೇಳುತ್ತೇನೆ. 2001ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ ನಿಯಮ ಬಿಗಿ ಮಾಡಿತು: ವಿಶ್ವಸಂಸ್ಥೆ ಒಪ್ಪಿದ ದೇಶಗಳಿಗೆ ಮಾತ್ರ ಪ್ರವೇಶ. ಜಿಬ್ರಾಲ್ಟರ್ ಅದಕ್ಕೂ ಮೊದಲೇ ಅರ್ಜಿ ಹಾಕಿತ್ತು, ಅದೇ ಹಿಡಿದು ನ್ಯಾಯಾಲಯಕ್ಕೆ ಹೋಯಿತು. 2007ರ ವೋಟಿನಲ್ಲಿ ಪರವಾಗಿ ಬಂದಿದ್ದು ಮೂರೇ ಮತ. ಬಿಡಲಿಲ್ಲ, 2013ರಲ್ಲಿ ಯುಇಎಫ್ಎ, 2016ರಲ್ಲಿ ಫಿಫಾ ಒಳಗೆ ಸೇರಿಸಿಕೊಂಡವು. ಸ್ಪೇನನ್ನೂ ಜಿಬ್ರಾಲ್ಟರನ್ನೂ ಯುಇಎಫ್ಎ ಒಂದೇ ಗುಂಪಿಗೆ ಹಾಕುವುದಿಲ್ಲ. ಮದುವೆ ಮನೆಯಲ್ಲಿ ಮಾತು ಬಿಟ್ಟ ದಾಯಾದಿಗಳನ್ನು ಒಂದೇ ಪಂಕ್ತಿಗೆ ಕೂರಿಸಲ್ಲ ಅಲ್ವಾ, ಹಾಗೆ. 2018ರಲ್ಲಿ ಅರ್ಮೇನಿಯಾದಲ್ಲಿ ಆಡಲು ಹೋದಾಗ ಅಲ್ಲಿಯವರು ತಪ್ಪಿ ಲಿಕ್ಟೆನ್‌ಸ್ಟೈನ್ ರಾಷ್ಟ್ರಗೀತೆ ಹಾಕಿಬಿಟ್ಟರು. ಜಿಬ್ರಾಲ್ಟರ್ ಪಂದ್ಯವನ್ನು 1-0ರಲ್ಲಿ ಗೆದ್ದೇ ಬಂತು. ಅಧಿಕೃತ ಟೂರ್ನಿಯಲ್ಲಿ ಅವರ ಮೊದಲ ಗೆಲುವು ಅದು.

ಒಲಿಂಪಿಕ್ಸ್ ಬಾಗಿಲು ಇನ್ನೂ ಬಿಗಿ. ಡೆನ್ಮಾರ್ಕ್‌ಗೆ ಸೇರಿದ ಫಾರೋ ದ್ವೀಪಗಳಿಗೆ ಫಿಫಾದಲ್ಲಿ ಜಾಗ ಇದೆ, ಒಲಿಂಪಿಕ್ಸ್‌ನಲ್ಲಿ ಇಲ್ಲ. ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಟವನ್ನು ಹುಟ್ಟುಹಾಕಿದ, ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೌಡೆನೊಸೌನಿ ಜನ 2028ರ ಲಾಸ್ ಏಂಜಲೀಸ್‌ಗೆ ತಮ್ಮದೇ ಬಾವುಟದಡಿ ಬರುತ್ತೇವೆ ಅಂತ ಕೇಳಿದ್ದಾರೆ. ಅದಕ್ಕೆ ಒಂದು ಪೂರ್ತಿ ವಿಡಿಯೋ ಬೇಕು, ಮುಂದಿನ ಸಲ ಅದೇ.