ಹರಿವೆ ಮಡಿಗೆ ನಿಧಾನದ ಗೊಬ್ಬರ

ಕೇಳುಗ ಬಂಧುಗಳೇ, ನಮಸ್ಕಾರ.

ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಿಲಿನಲ್ಲಿ, ಒಂದು ಆಷಾಢದ ಬೆಳಿಗ್ಗೆ ಹರಿವೆ ಮಡಿಗೆ ಯೂರಿಯಾ ಎರಚಿದೆ. ಮಧ್ಯಾಹ್ನ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ಗೊಬ್ಬರ ಸಾಲಲಿಲ್ಲವೆಂದು ಮತ್ತೆ ಕೈತುಂಬ ಹಾಕಿದೆ. ಈ ಸಲ ಮಳೆ ಹೊಳವಾಯಿತು. ಎಲೆ ಕಪ್ಪು ಹಸಿರಾಗಿ ಅಗಲವಾಯಿತು, ದಂಟು ಮುರಿದರೆ ನೀರು ಒಸರುವಷ್ಟು ಮೆತ್ತಗಾಯಿತು, ಎಲೆಯಡಿ ಹೇನು ಕೂತಿತು. ಕೊಯ್ದು ಬುಟ್ಟಿಗೆ ಹಾಕಿದ ಸೊಪ್ಪು ಮರುದಿನವೇ ಕೊಳೆಯತೊಡಗಿತು. ಒಂದೇ ಮಡಿಗೆ ಹದಿನೈದು ದಿನಗಳಲ್ಲಿ ಹಸಿವೂ ಬಂತು, ಅಜೀರ್ಣವೂ ಆಯಿತು.

ಸೊಪ್ಪಿನ ಗಿಡಕ್ಕೆ ಸಾರಜನಕ ಬೇಕೇ ಬೇಕು. ನಾವು ತಿನ್ನುವುದೇ ಅದರ ಎಲೆಯನ್ನು. ಆದರೆ ಅದಕ್ಕೆ ದಿನವೂ ಸ್ವಲ್ಪ ಸ್ವಲ್ಪ ಬೇಕು, ನಾವು ಕೊಡುವುದು ಒಂದೇ ಸಲಕ್ಕೆ. ಬಿತ್ತಿದ ಮೊದಲ ಎರಡು ವಾರ ಬೇರು ಬೆರಳುದ್ದವೂ ಇಳಿದಿರುವುದಿಲ್ಲ. ಯೂರಿಯಾ ನೀರು ಸೋಕಿದರೆ ಕರಗುತ್ತದೆ. ಮಣ್ಣಿನಲ್ಲಿ ಮೊದಲು ಅಮೋನಿಯಂ ಎಂಬ ಸಾರಜನಕದ ರೂಪಕ್ಕೆ ತಿರುಗುತ್ತದೆ. ಮಣ್ಣಿನ ಕಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ. ನೈಟ್ರೇಟ್‌ಗೆ ಮಣ್ಣಿನಲ್ಲಿ ಹಿಡಿತವಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಒಂದೇ ಸಲ ಹಾಕಿದ ಗೊಬ್ಬರದ ಬಹುಪಾಲು ಹಳ್ಳ ಸೇರುತ್ತದೆ.

ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರಗಳು ಬೇಕಾಗುವುದು ಇಲ್ಲಿಯೇ. ಇವುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಬೇವಿನ ಲೇಪವಿದ್ದರೆ ಯೂರಿಯಾ ಕಾಳು ನೀರಿನಲ್ಲಿ ಬೇಗ ಕರಗುವುದಿಲ್ಲ ಎಂದು. ಒಂದು ಲೋಟ ನೀರಿಗೆ ಬೇವು ಲೇಪಿತ ಯೂರಿಯಾ ಒಂದು ಚಮಚ ಹಾಕಿ ಕದಡಿ ನೋಡಿ. ಲೋಟ ಕೈಗೆ ತಣ್ಣಗಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಾಳು ಕರಗಿ ಹೋಗುತ್ತದೆ. ಹಾಗಾದರೆ ಬೇವಿನ ಲೇಪ ಮಾಡುವುದೇನು? ಅದು ಕಾಳಿಗೆ ಕವಚವಲ್ಲ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳ ಕೆಲಸವನ್ನು ಬೇವಿನ ಅಂಶ ನಿಧಾನಗೊಳಿಸುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಇದನ್ನು ತೋರಿಸಿದರು. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಗಿದೆ. ಅಂದರೆ ಅಂಗಡಿಯ ಚೀಲದಲ್ಲಿರುವುದು ಬೇವು ಲೇಪಿತವೇ. ಆದರೂ ಹಾಕಿದ ದಿನವೇ ಜಡಿಮಳೆ ಹಿಡಿದರೆ ಕರಗಿದ ಯೂರಿಯಾ ಹಾಗೆಯೇ ಕೊಚ್ಚಿಹೋಗುತ್ತದೆ. ನನಗೆ ಆದದ್ದು ಅದೇ.

ನಿಜವಾದ ಕವಚವಿರುವುದು ಗಂಧಕ ಲೇಪಿತ ಯೂರಿಯಾಕ್ಕೆ. 2023ರಲ್ಲಿ ಯೂರಿಯಾ ಗೋಲ್ಡ್ ಎಂಬ ಹೆಸರಿನಲ್ಲಿ ಬಂದದ್ದು ಇದು. ಇದರಲ್ಲಿ ಶೇಕಡಾ 37 ಸಾರಜನಕ, 17 ಗಂಧಕ ಇದೆ. ಆದರೆ ಗಂಧಕ ಮಣ್ಣಿನ ಹುಳಿಯನ್ನು ಹೆಚ್ಚಿಸುತ್ತದೆ, ಮಲೆನಾಡಿನ ಮಣ್ಣು ಮೊದಲೇ ಹುಳಿ. ಮಣ್ಣು ಪರೀಕ್ಷೆ ಮಾಡಿಸದೆ ಇದಕ್ಕೆ ಕೈ ಹಾಕಬೇಡಿ. ಪ್ಲಾಸ್ಟಿಕ್‌ನಂಥ ಪೊರೆಯ ಗೊಬ್ಬರದ ಕಾಳುಗಳೂ ಸಿಗುತ್ತವೆ. ಅವು ಇಷ್ಟು ತಿಂಗಳು ಬರುತ್ತವೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಬಿಟ್ಟುಕೊಡುತ್ತವೆ. ನಾನು ಒತ್ತಿ ಹೇಳಬೇಕೆಂದಿರುವುದು ಈ ತಿಂಗಳ ಲೆಕ್ಕವನ್ನೇ. ಹರಿವೆ, ಮೆಂತ್ಯ ಒಂದು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತವೆ. ಅವುಗಳಿಗೆ ನಾಲ್ಕು ತಿಂಗಳ ಗೊಬ್ಬರ ಹಾಕಿದರೆ, ಸೊಪ್ಪು ಮನೆಗೆ ಬಂದ ಮೇಲೂ ಖಾಲಿ ಮಡಿಯಲ್ಲಿ ಗೊಬ್ಬರ ಕರಗುತ್ತಲೇ ಇರುತ್ತದೆ. ಅದೇ ಗೊಬ್ಬರ ಬಸಳೆಯ ಚಪ್ಪರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಸಳೆಯನ್ನು ತಿಂಗಳುಗಟ್ಟಲೆ ಕುಡಿ ಚಿವುಟುತ್ತೇವಲ್ಲ.

ತಿಂಗಳ ಸೊಪ್ಪಿಗೆ ನನ್ನ ಮಾತು ಕೇಳುವುದಾದರೆ, ಬೇವಿನ ಹಿಂಡಿ, ಜೊತೆಗೆ ಸ್ವಲ್ಪ ಯೂರಿಯಾ ಸಾಕು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿ ಎಂದರೆ ಸುಮಾರು 3.7 ಚದರ ಮೀಟರ್. ಚದರ ಮೀಟರಿಗೆ 10 ಗ್ರಾಂ ಸಾರಜನಕ ಎಂದು ಹಿಡಿದರೆ ಮಡಿಗೆ 37 ಗ್ರಾಂ ಬೇಕು. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿರುವುದರಿಂದ 80 ಗ್ರಾಂ ಆಯಿತು. ಬೇಕಾದ ಸಾರಜನಕದಲ್ಲಿ ಅರ್ಧವನ್ನು ಹಿಂಡಿಯಿಂದ ಕೊಡಿ. ಹಿಂಡಿಯಲ್ಲಿ ಸುಮಾರು ಶೇಕಡಾ 5 ಸಾರಜನಕವಿದೆ, ಮುಕ್ಕಾಲು ಪಾವಿನ ಅಂದಾಜು ಬೇಡ, ತಕ್ಕಡಿಯಲ್ಲಿ 370 ಗ್ರಾಂ ತೂಗಿ, ಬಿತ್ತುವ ಹತ್ತು ಹದಿನೈದು ದಿನ ಮೊದಲು ಕೊಟ್ಟಿಗೆ ಗೊಬ್ಬರದೊಂದಿಗೆ ಮಣ್ಣಿಗೆ ಬೆರೆಸಿ. ಉಳಿದ 40 ಗ್ರಾಂ ಯೂರಿಯಾವನ್ನು ಎರಡು ಪಾಲು ಮಾಡಿ, ಮಳೆ ಹೊಳವಾದ ದಿನ ನೋಡಿ, ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಿ. ಒಂದು ಪಾಲು ಹಿಂಡಿ ಪುಡಿಗೆ ಐದು ಪಾಲು ಯೂರಿಯಾ ಬೆರೆಸಿ ರಾತ್ರಿಯಿಡೀ ಇಟ್ಟು ಹಾಕುವ ಕ್ರಮವೂ ಒಳ್ಳೆಯದೇ. ಸುಣ್ಣ ಹಾಕುವುದಿದ್ದರೆ ಎರಡು ಮೂರು ವಾರ ಮೊದಲೇ ಹಾಕಿ. ಸುಣ್ಣ, ಯೂರಿಯಾ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ.

ಇನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಮಾತು. ಒಂದೆಲಗದ ತಂಬುಳಿ, ಮೆಂತ್ಯ ಸೊಪ್ಪಿನ ಕೋಸಂಬರಿ, ಈಗೀಗ ನಮ್ಮಲ್ಲೂ ಬೆಳೆಯುತ್ತಿರುವ ಲೆಟ್ಯೂಸ್, ಇವುಗಳನ್ನು ಬೇಯಿಸಿ ನೀರು ಬಸಿಯುವುದಿಲ್ಲ, ಹಾಗಾಗಿ ಎಲೆಯಲ್ಲಿ ಉಳಿದ ನೈಟ್ರೇಟೆಲ್ಲ ನಮ್ಮ ಹೊಟ್ಟೆಗೇ ಬರುತ್ತದೆ, ಅದು ಅತಿಯಾದರೆ ಒಳ್ಳೆಯದಲ್ಲ. ಎಲೆಯೊಳಗೆ ಬಂದ ನೈಟ್ರೇಟ್ ಪ್ರೋಟೀನ್ ಆಗಲು ಬಿಸಿಲು ಬೇಕು. ಶ್ರಾವಣದ ಮೋಡದಲ್ಲಿ ಬಿಸಿಲಿಲ್ಲ, ನೈಟ್ರೇಟ್ ಹಾಗೇ ಉಳಿಯುತ್ತದೆ, ಎಲೆಗಿಂತ ದಂಟಿನಲ್ಲಿ ಹೆಚ್ಚು. ಯುರೋಪಿನಲ್ಲಿ ತಾಜಾ ಪಾಲಕ್‌ಗೆ ಕಿಲೋಗೆ 3,500 ಮಿಲಿಗ್ರಾಂ ನೈಟ್ರೇಟ್ ಎಂಬ ಮಿತಿಯನ್ನೇ ಹಾಕಿದ್ದಾರೆ. ಹೆದರಿ ಸೊಪ್ಪು ಬಿಡಬೇಕಾಗಿಲ್ಲ. ಮಳೆಗಾಲದಲ್ಲಿ ಗೊಬ್ಬರದ ಲೆಕ್ಕವನ್ನು ಇಳಿಸಿ, ಕೊಯ್ಲಿಗೆ ಒಂದು ವಾರ ಮೊದಲು ಯೂರಿಯಾ ನಿಲ್ಲಿಸಿ. ಕೊಯ್ಯುವುದನ್ನು ಬೆಳಗಿನ ಮಂಜಿನಲ್ಲಿ ಮಾಡಬೇಡಿ. ಸ್ವಲ್ಪವಾದರೂ ಬಿಸಿಲು ಬಿದ್ದ ದಿನ, ಮಧ್ಯಾಹ್ನ ದಾಟಿದ ಮೇಲೆ ಕತ್ತಿ ಹಿಡಿದು ಹಿತ್ತಿಲಿಗೆ ಹೋಗಿ.

ನಮಸ್ಕಾರ.