ಅಜ್ಜ ಊರು ಬಿಡಲಿಲ್ಲ, ದೇಶ ಮಾತ್ರ ಬದಲಾಗ್ತಾ ಹೋಯ್ತು

[ತೆರೆಯ ಮೇಲೆ: ಕಾರ್ಪೇಥಿಯನ್ ಬೆಟ್ಟಸಾಲಿನ ನಕ್ಷೆ, ಮುಕಾಚೆವೊ ಊರಿಗೆ ಕೆಂಪು ಚುಕ್ಕೆ]

ಪೂರ್ವ ಯುರೋಪಿನ ಈ ಬೆಟ್ಟಸೀಮೆಯಲ್ಲಿ ಒಂದು ಹಳೇ ಜೋಕಿದೆ. ಅಜ್ಜ ಒಬ್ಬ ಹೇಳ್ತಾನೆ: "ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, ಓದಿದ್ದು ಚೆಕೊಸ್ಲೊವಾಕಿಯಾದಲ್ಲಿ, ಮದುವೆ ಆಗಿದ್ದು ಹಂಗೇರಿಯಲ್ಲಿ, ದುಡಿದಿದ್ದು ಸೋವಿಯತ್ ಒಕ್ಕೂಟದಲ್ಲಿ, ಈಗ ಪಿಂಚಣಿ ಉಕ್ರೇನಿನಲ್ಲಿ."

"ಅಬ್ಬಾ, ಎಷ್ಟು ದೇಶ ಸುತ್ತಿದ್ದೀರಿ!"

"ಎಲ್ಲಿ ಸುತ್ತಿದೆ ಮಾರಾಯ? ಮುಕಾಚೆವೊ ಬಿಟ್ಟು ಕದಲಿಲ್ಲ."

ಇಸವಿ ಹಾಕಿ ನೋಡಿ, ಜೋಕು ಅಕ್ಷರಶಃ ನಿಜ. 1919ರಲ್ಲಿ ಚೆಕೊಸ್ಲೊವಾಕಿಯಾ, 1938ರಲ್ಲಿ ಮತ್ತೆ ಹಂಗೇರಿ, 1945ರಲ್ಲಿ ಸೋವಿಯತ್, 1991ರಲ್ಲಿ ಉಕ್ರೇನ್.

ಹಾಗಾದ್ರೆ ಈ ಅಜ್ಜ ಯಾರು? ಅಲ್ಲಿನ ಹಳ್ಳಿಗರು ತಮ್ಮನ್ನು ರುಸಿನ್ ಅಂತ ಕರ್ಕೊಳ್ತಿದ್ರು. ಕಲಾವಿದ ಆಂಡಿ ವಾರ್ಹಾಲ್ ಗೊತ್ತಲ್ಲ, ಸೂಪ್ ಡಬ್ಬಿ ಚಿತ್ರದವರು? ಅವರ ಅಪ್ಪ-ಅಮ್ಮ ಅಮೆರಿಕಕ್ಕೆ ವಲಸೆ ಹೋದ ರುಸಿನ್‌ಗಳೇ. ಆ ಅಪ್ಪ-ಅಮ್ಮನ ಹುಟ್ಟೂರು ಮಿಕೊವಾ, ಇವತ್ತಿನ ಸ್ಲೊವಾಕಿಯಾದಲ್ಲಿದೆ.

ರುಸಿನ್‌ಗಳು ಉಕ್ರೇನಿಯನ್ನರ ಒಂದು ಕವಲೋ, ಬೇರೆಯೇ ಜನಾಂಗವೋ? ಈ ಪ್ರಶ್ನೆಯ ಬೆನ್ನು ಹತ್ತಿದವರು ಇತಿಹಾಸಕಾರ ಪಾಲ್ ರಾಬರ್ಟ್ ಮಗೋಚಿ. ಹುಟ್ಟಿದ್ದು 1945ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಬೆಟ್ಟದ ಈ ಜನ 1848ರಿಂದ 1948ರವರೆಗೆ 'ನಾವು ಯಾರು' ಅಂತ ಹೇಗೆಲ್ಲ ತಡಕಾಡಿದ್ರು ಅನ್ನೋದರ ಮೇಲೆ 1978ರಲ್ಲಿ ದಪ್ಪ ಪುಸ್ತಕ ಬರೆದ್ರು.

[ತೆರೆಯ ಮೇಲೆ: ಟೊರೊಂಟೊ ವಿಶ್ವವಿದ್ಯಾಲಯ, 1980]

ಅಸಲಿ ಕಥೆ ಇಲ್ಲಿದೆ. ಕೆನಡಾಕ್ಕೆ 1891ರಿಂದಲೇ ಉಕ್ರೇನಿಯನ್ ರೈತರು ಹೋಗಿ ನೆಲೆಸಿದ್ರು. ಅವರ ಸಮುದಾಯ ದುಡ್ಡು ಕೂಡಿಸಿ, ಸರ್ಕಾರವೂ ಕೈಜೋಡಿಸಿ, ಟೊರೊಂಟೊದಲ್ಲಿ ಉಕ್ರೇನಿಯನ್ ಅಧ್ಯಯನ ಪೀಠ ಬಂತು. ಅದಕ್ಕೆ ಮೊದಲು ನೇಮಕವಾದವರು ಈ ಮಗೋಚಿ. ಸಮುದಾಯದೊಳಗೆ ಅಪಸ್ವರ ಎದ್ದಿತು. ಸಹಜ ಬಿಡಿ: ಸೋವಿಯತ್ ಆಳ್ವಿಕೆಯಲ್ಲಿ ತಾಯ್ನಾಡು ಕಳ್ಕೊಂಡ ಜನ, ಪೀಠದಲ್ಲಿ ಕೂತವರು 'ಉಕ್ರೇನಿಯನ್' ಅನ್ನೋ ಗೆರೆಯನ್ನೇ ಪ್ರಶ್ನಿಸಿದರೆ ನೋವಾಗದೆ ಇರುತ್ತಾ? ಆದರೂ ನನಗನ್ನಿಸೋದು, ದುಡ್ಡು ಕೊಟ್ಟವರಿಗೆ ಹಿತವಾಗಿದ್ದನ್ನೇ ಹೇಳೋದಾದ್ರೆ ಪೀಠ ಯಾಕೆ, ಹೊಗಳುಭಟರು ಸಾಕಿತ್ತು.

1996ರಲ್ಲಿ ಅವರ ಉಕ್ರೇನ್ ಇತಿಹಾಸ ಬಂತು. ಅದರಲ್ಲಿ ಉಕ್ರೇನಿಯನ್ನರ ಜೊತೆಗೆ ಯಹೂದಿಗಳು, ಪೋಲಿಷರು, ಕ್ರೈಮಿಯಾದ ತಾತಾರರಿಗೂ ಜಾಗ ಇದೆ. ಒಂದು ಜನಾಂಗದ ಬದಲು ಒಂದು ನೆಲದ ಚರಿತ್ರೆ ಬರೆದ್ರು ಅನ್ನಿ.

ಈಗ ಮತ್ತೆ ನಕ್ಷೆ ನೋಡಿ. ಗಡಿಯ ಈಚೆ ಸ್ಲೊವಾಕಿಯಾದಲ್ಲಿ ರುಸಿನ್‌ಗಳಿಗೆ ಅಲ್ಪಸಂಖ್ಯಾತರ ಮಾನ್ಯತೆ ಇದೆ, 1995ರಲ್ಲಿ ಅವರ ಭಾಷೆಗೆ ಬರಹದ ನಿಯಮಗಳೂ ಬಂದ್ವು. ಆಚೆ ಉಕ್ರೇನಿನಲ್ಲಿ, 2001ರ ಜನಗಣತಿಯಲ್ಲಿ ಸುಮಾರು 10 ಸಾವಿರ ಜನ ತಾವು ರುಸಿನ್ ಅಂತ ಬರೆಸಿದ್ರು. ಗಣತಿಯವರು ಅವರನ್ನೂ ಉಕ್ರೇನಿಯನ್ನರ ಲೆಕ್ಕಕ್ಕೇ ಸೇರಿಸಿಕೊಂಡ್ರು.