ಉಪ್ಪು, ನೀರು ಮತ್ತು ತೂಕದ ಮುಳ್ಳು

(ಮಳೆಗಾಲದ ಕಕ್ಕಡ ತಿಂಗಳಲ್ಲಿ ಕೊಡಗಿನ ಗೋಣಿಕೊಪ್ಪಲಿನ ಮಹಿಳೆಯರ ಸಭೆಯೊಂದರಲ್ಲಿ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ)

ಅಕ್ಕಂದಿರಿಗೆ, ತಂಗಿಯರಿಗೆ, ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ನಮಸ್ಕಾರ. ಈ ಮಳೆಯಲ್ಲಿ ಕೊಡೆ ಹಿಡಿದು, ಸೀರೆ ಎತ್ತಿಕೊಂಡು ಇಷ್ಟು ಜನ ಬಂದಿದ್ದೀರಿ. ಉಪ್ಪಿನ ಬಗ್ಗೆ ಮಾತಾಡುವುದಕ್ಕೆ ಕಕ್ಕಡದಂಥ ತಿಂಗಳು ಬೇರೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಉಪ್ಪಿನ ಮರಿಗೆ ಇತ್ತು. ಹಲಸಿನ ಮರದ್ದು, ಹೊಗೆ ಹಿಡಿದು ಕಪ್ಪಾಗಿತ್ತು. ಮಳೆ ಹಿಡಿದು ಎರಡು ವಾರ ಆಯಿತೋ ಇಲ್ಲವೋ, ಅದರೊಳಗಿನ ಕಲ್ಲುಪ್ಪು ಒದ್ದೆಯಾಗಿ ಮರಿಗೆಯ ಒಂದು ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಕೆಳಗೊಂದು ಚಿಪ್ಪು ಇಟ್ಟಿರುತ್ತಿದ್ದರು. ಬೆಳಗ್ಗೆ ಎದ್ದು ನೋಡಿದರೆ ಚಿಪ್ಪಿನ ತುಂಬ ಕಂದು ಬಣ್ಣದ ಉಪ್ಪುನೀರು. ಅದನ್ನು ಚೆಲ್ಲುತ್ತಿರಲಿಲ್ಲ, ಸಾರಿಗೆ ಸುರಿಯುತ್ತಿದ್ದರು. ಮರಿಗೆಗೆ ಯಾರೂ ನೀರು ಹಾಕಿರಲಿಲ್ಲ. ಗಾಳಿಯಲ್ಲಿದ್ದ ತೇವವನ್ನೇ ಉಪ್ಪು ಎಳೆದುಕೊಂಡಿತ್ತು. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಶುದ್ಧವಾದ ಉಪ್ಪೂ ನೀರಾಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಬೆರೆತಿರುವುದರಿಂದ ಅದು ಇನ್ನೂ ಬೇಗ. ತೋಟಕ್ಕೆ ಹೋಗುವಾಗ ಬಟ್ಟೆಯಲ್ಲಿ ಉಪ್ಪು ಕಟ್ಟಿ ಒಯ್ಯುತ್ತೀರಲ್ಲ, ಅದೂ ಇದೇ ಕೆಲಸ. ಇಂಬಳದ ಮೈಮೇಲೆ ಒತ್ತಿದರೆ ಅದರ ಮೈಯ ನೀರನ್ನು ಉಪ್ಪು ಹೊರಗೆಳೆಯುತ್ತದೆ. ಇಂಬಳ ಮುದುಡಿ ಬಿದ್ದುಹೋಗುತ್ತದೆ.

ಉಪ್ಪು ಎಲ್ಲಿರುತ್ತದೋ ಅಲ್ಲಿಗೆ ನೀರು ಬರುತ್ತದೆ. ನಮ್ಮ ಮೈಯೊಳಗೂ ಅಷ್ಟೇ. ಇದನ್ನು ಹಿಡಿದುಕೊಂಡರೆ ಉಪ್ಪಿಗೂ ತೂಕಕ್ಕೂ ಇರುವ ಸಂಬಂಧದ ಅರ್ಧ ಭಾಗ ತಿಳಿದ ಹಾಗೆ. ಇನ್ನರ್ಧಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಬ್ಬರ ಕಥೆ ಹೇಳಬೇಕು. ಅವರ ಗುರುತು ಬೇಡ. ಐವತ್ತು ದಾಟಿದ್ದ ಹೆಂಗಸು, ತೂಕ 78 ಕಿಲೋ, ಬಿಪಿ 160ರ ಮೇಲೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಾತ್ರೆ ಬರೆದು, "ಉಪ್ಪು ಕಡಿಮೆ ಮಾಡಿ ಅಕ್ಕ, ತೂಕವೂ ಇಳಿಸಿ" ಅಂದೆ. ಅವರು ಅಕ್ಷರಶಃ ಬಾಯಿ ಕಟ್ಟಿದರು. ಉಪ್ಪಿನಕಾಯಿ ಇಲ್ಲ, ಒಣಮೀನು ಇಲ್ಲ, ಅಕ್ಕಿರೊಟ್ಟಿ, ನಮ್ಮ ಒಟ್ಟಿಯೂ ಎರಡರಿಂದ ಒಂದಕ್ಕೆ ಇಳಿಯಿತು. ಒಂದು ವಾರ ಬಿಟ್ಟು ಬಂದಾಗ ಎರಡೂವರೆ ಕಿಲೋ ಕಡಿಮೆ. ಅವರಿಗೆ ಎಷ್ಟು ಸಂತೋಷವೋ ನನಗೂ ಅಷ್ಟೇ. "ಹೀಗೇ ಮುಂದುವರಿಸಿ, ವಾರಕ್ಕೆ ಎರಡು ಕಿಲೋ ಇಳಿಯುತ್ತದೆ" ಅಂದೆ. ಆ ಮಾತು ನಾನು ಆಡಬಾರದಿತ್ತು.

ಮುಂದಿನ ಮೂರು ವಾರ ಮುಳ್ಳು ಅಲ್ಲಾಡಲಿಲ್ಲ. ಅಷ್ಟರಲ್ಲಿ ಸುಗ್ಗಿ ಹಬ್ಬ ಪುತ್ತರಿ ಬಂತು, ಹಿಂದೆಯೇ ನೆಂಟರ ಮನೆಯಲ್ಲಿ ಮದುವೆ. ಎರಡು ದಿನದ ಊಟದಲ್ಲಿ ಎರಡು ಕಿಲೋ ವಾಪಸ್. "ಒಂದು ತಿಂಗಳು ಬಾಯಿ ಕಟ್ಟಿದ್ದು ಎರಡೇ ದಿನದಲ್ಲಿ ಹೋಯಿತಲ್ಲ ಡಾಕ್ಟ್ರೇ, ಇದೆಲ್ಲ ನನ್ನ ಮೈಗೆ ಆಗುವುದಲ್ಲ" ಅಂದರು. ಪಥ್ಯ ಬಿಟ್ಟರು, ಜೊತೆಗೆ ಮಾತ್ರೆಯನ್ನೂ ಬಿಟ್ಟರು. ನಾಲ್ಕು ತಿಂಗಳ ಮೇಲೆ ಎಡಗೈ ಮರಗಟ್ಟಿದೆ ಅಂತ ಮಗ ಜೀಪಿನಲ್ಲಿ ಕರೆದುಕೊಂಡು ಬಂದ. ಕೈ ಸರಿಹೋಯಿತು. ಆದರೆ ನಾನು ಮೊದಲ ವಾರವೇ ಕೂರಿಸಿ ಸರಿಯಾಗಿ ಹೇಳಿದ್ದರೆ ಅವರು ಮಾತ್ರೆ ಬಿಡುತ್ತಿರಲಿಲ್ಲ ಅಂತ ಇವತ್ತಿಗೂ ಅನಿಸುತ್ತದೆ. ಅವತ್ತು ಅವರಿಗೆ ಹೇಳದೆ ಉಳಿದದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಕೈಗೆ ಏರಿಸುವ ಡ್ರಿಪ್ ಬಾಟಲಿ ಎಲ್ಲರೂ ನೋಡಿದ್ದೀರಿ. ಅದರಲ್ಲಿ ಒಂದು ಬಗೆ ನಾರ್ಮಲ್ ಸಲೈನ್. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಬೇರೇನಿಲ್ಲ. ನಮ್ಮ ರಕ್ತದಲ್ಲಿ, ಜೀವಕೋಶಗಳ ಸುತ್ತ ಇರುವ ದ್ರವದಲ್ಲಿ ಹೆಚ್ಚುಕಡಿಮೆ ಅಷ್ಟೇ ಉಪ್ಪಿನ ಹದ ಇರುತ್ತದೆ. ಮೈ ಆ ಹದವನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಎರಡು ದಿನ ಮದುವೆ ಊಟ ಉಂಡು 9 ಗ್ರಾಂ ಉಪ್ಪು ಹೆಚ್ಚಿಗೆ ಮೈಯಲ್ಲಿ ಉಳಿದರೆ, ಅದರ ಜೊತೆಗೆ ಒಂದು ಲೀಟರ್ ನೀರೂ ಉಳಿಯುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಬೆರಳಿನ ಉಂಗುರ ಬಿಗಿಯಾಗುತ್ತದೆ, ಕಾಲ್ಚೀಲದ ಗುರುತು ಉಳಿಯುತ್ತದೆ, ಮುಳ್ಳು ಮುಂದೆ ಹೋಗುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ಕೆಲವೇ ದಿನದಲ್ಲಿ ಹೆಚ್ಚಿನದನ್ನು ಹೊರಗೆ ಹಾಕುತ್ತದೆ. ಉಪ್ಪು ಇಳಿಸಿದಾಗ ನಡೆಯುವುದು ಇದರ ಉಲ್ಟಾ. ಅನ್ನ, ಒಟ್ಟಿ ಕಡಿಮೆ ಮಾಡಿದಾಗಲೂ ಲಿವರಿನಲ್ಲಿ, ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಕರಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ. ಆ ಅಕ್ಕನ ಎರಡೂವರೆ ಕಿಲೋದಲ್ಲಿ ಹೆಚ್ಚಿನ ಪಾಲು ನೀರು. ಮದುವೆಯಲ್ಲಿ ವಾಪಸ್ ಬಂದದ್ದೂ ನೀರೇ.

ಕೊಬ್ಬಿನ ಲೆಕ್ಕ ಬೇರೆ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕಡಿಮೆ ಬೀಳಬೇಕು. ದಿನಕ್ಕೆ 500 ಕ್ಯಾಲರಿ ಕಡಿಮೆ ಮಾಡಿದರೆ ಹದಿನೈದು ದಿನ ಬೇಕು. ಉಪ್ಪಿನಲ್ಲಿ ಕ್ಯಾಲರಿ ಇಲ್ಲ. ಮರಿಗೆ ತುಂಬ ಉಪ್ಪಿದ್ದರೂ ಅದರಲ್ಲಿರುವ ಕ್ಯಾಲರಿ ಸೊನ್ನೆ. ಒಂದು ವಾರದಲ್ಲಿ ಎರಡು ಕಿಲೋ ಇಳಿಸಿಕೊಡುತ್ತೇವೆ ಅನ್ನುವ ಜಾಹೀರಾತು ಮೊಬೈಲಿನಲ್ಲಿ ಕಂಡರೆ ಈ ಲೆಕ್ಕ ಹಾಕಿ ನೋಡಿ. ಇಳಿಯುವುದು ನಿಜ, ಆದರೆ ಇಳಿಯುವುದು ಬಹುಪಾಲು ನೀರು.

ಹಾಗಾದರೆ ಉಪ್ಪಿನಿಂದ ಬೊಜ್ಜು ಬರುವುದೇ ಇಲ್ಲವೇ? ಇಲ್ಲಿ ಇನ್ನರ್ಧಕ್ಕೆ ಬರೋಣ.

ಇಂಗ್ಲೆಂಡಿನಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ ಒಂದು ಗ್ರಾಂ ಉಪ್ಪು ಹೆಚ್ಚು ತಿನ್ನುವವರಲ್ಲಿ ಬೊಜ್ಜಿನ ಸಂಭವ ಮಕ್ಕಳಲ್ಲಿ ಶೇಕಡಾ 28, ದೊಡ್ಡವರಲ್ಲಿ ಶೇಕಡಾ 26 ಹೆಚ್ಚು ಕಂಡಿತು. ತಿಂದ ಕ್ಯಾಲರಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ಆದರೆ ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ. ತಿಂದದ್ದನ್ನು ಕಡಿಮೆ ಮಾಡಿ ಹೇಳುವುದು ಎಲ್ಲ ದೇಶದವರ ಅಭ್ಯಾಸ. ಅಲ್ಲಿ ಕ್ಯಾಲರಿಯ ಲೆಕ್ಕ ಜನ ಹೇಳಿದ್ದರ ಮೇಲೆ ನಿಂತದ್ದು. ಉಪ್ಪನ್ನು ಮಾತ್ರ ಮೂತ್ರದಲ್ಲಿ ಅಳೆದಿದ್ದರು, ಅದು ಸುಳ್ಳು ಹೇಳುವುದಿಲ್ಲ. ಹಾಗಾಗಿ ಈ ಅಂಕಿಯನ್ನು ನಾನು ಎಚ್ಚರಿಕೆಯ ಗಂಟೆ ಅಂತ ತೆಗೆದುಕೊಳ್ಳುತ್ತೇನೆ, ತೀರ್ಪು ಅಂತ ಅಲ್ಲ.

"ಉಪ್ಪು ತಿಂದವರು ನೀರು ಕುಡಿಯಲೇಬೇಕು" ಅನ್ನುತ್ತೇವೆ. ಮಂಗಳ ಗ್ರಹದ ಯಾತ್ರೆಯ ತಾಲೀಮಿಗಾಗಿ ಮಾಸ್ಕೋದಲ್ಲಿ ಕೆಲವರನ್ನು ತಿಂಗಳುಗಟ್ಟಲೆ ಮುಚ್ಚಿದ ಕೋಣೆಗಳಲ್ಲಿ ಇಟ್ಟು, ಉಪ್ಪನ್ನು ದಿನಕ್ಕೆ 12, 9, 6 ಗ್ರಾಂ ಅಂತ ಅಳೆದು ಕೊಟ್ಟರು. ಅದರ ಫಲಿತಾಂಶ 2017ರಲ್ಲಿ ಬಂತು. ಆಶ್ಚರ್ಯ ಏನೆಂದರೆ, ಉಪ್ಪು ಹೆಚ್ಚಿದ್ದಾಗ ಅವರು ದಿನ ಕಳೆದಂತೆ ಕುಡಿದ ನೀರು ಹೆಚ್ಚಲಿಲ್ಲ, ಕಡಿಮೆಯಾಯಿತು. ಮೂತ್ರಪಿಂಡ ನೀರನ್ನು ಉಳಿಸಿಕೊಳ್ಳತೊಡಗಿತ್ತು. ಅದೇ ತಂಡ ಇಲಿಗಳಲ್ಲಿ ನೋಡಿದಾಗ, ಉಪ್ಪು ಹೆಚ್ಚು ತಿಂದ ಇಲಿಗಳು ಆಹಾರವನ್ನೂ ಹೆಚ್ಚು ತಿಂದವು. ಇದನ್ನು ಕೇಳಿ "ಉಪ್ಪು ಹಸಿವು ಹೆಚ್ಚಿಸುತ್ತದೆ" ಅಂತ ಎಲ್ಲ ಕಡೆ ಸುದ್ದಿಯಾಯಿತು. ಆದರೆ ಊಟ, ಉಪ್ಪು ಮತ್ತು ಬಿಪಿಯ ಬಗ್ಗೆ ಅಮೆರಿಕದಲ್ಲಿ ನಡೆದ ಡ್ಯಾಶ್ ಸೋಡಿಯಂ ಪ್ರಯೋಗದ ಲೆಕ್ಕವನ್ನು 2020ರಲ್ಲಿ ಮತ್ತೆ ತೆಗೆದು ನೋಡಿದಾಗ, ಉಪ್ಪು ಇಳಿಸಿದರೂ ತೂಕ ಹಾಗೇ ಇರಿಸಲು ಬೇಕಾದ ಕ್ಯಾಲರಿ ಬದಲಾಗಿರಲಿಲ್ಲ. ಬಾಯಾರಿಕೆ ಮಾತ್ರ ಕಡಿಮೆಯಾಗಿತ್ತು. ಈ ವಾದ ಇನ್ನೂ ತೀರಿಲ್ಲ.

ನನಗೆ ಇದೆಲ್ಲಕ್ಕಿಂತ ಹತ್ತಿರದ್ದು ಅನಿಸುವುದು 2016ರ ಒಂದು ಸಣ್ಣ ಪ್ರಯೋಗ. ಆಸ್ಟ್ರೇಲಿಯಾದಲ್ಲಿ 48 ಜನರಿಗೆ ಮಧ್ಯಾಹ್ನದ ಊಟಕ್ಕೆ ಮ್ಯಾಕರೋನಿ ಬಡಿಸಿದರು. ಒಂದು ದಿನ ಉಪ್ಪು ಕಡಿಮೆ, ಒಂದು ದಿನ ಉಪ್ಪು ಹೆಚ್ಚು, ಕೊಬ್ಬೂ ಹಾಗೆಯೇ ಅದಲು ಬದಲು. ಬೇಕಾದಷ್ಟು ತಿನ್ನಿ ಅಂದರು. ಉಪ್ಪು ಹೆಚ್ಚಿದ್ದ ದಿನ ಅವರು ಶೇಕಡಾ 11ರಷ್ಟು ಹೆಚ್ಚು ತಿಂದರು.

ಇದನ್ನು ನಮ್ಮ ಊಟಕ್ಕೆ ಹಚ್ಚಿ ನೋಡಿ. ಅಕ್ಕಿತರಿಯ ಉಂಡೆ, ಬರೀ ಕಡಂಬುಟ್ಟು ಎಷ್ಟು ತಿನ್ನಬಲ್ಲಿರಿ? ಎರಡು, ಹೆಚ್ಚೆಂದರೆ ಮೂರು. ಪಕ್ಕದಲ್ಲಿ ಉಪ್ಪು, ಖಾರ, ಹುಳಿ ಹದವಾಗಿ ಬಿದ್ದ ಪಂದಿಕರಿ ಇದ್ದರೆ ಆರು ಹೋಗುತ್ತದೆ. ಹೊರಗೆ ಮಳೆ ಸುರಿಯುವಾಗ ಒಣಮೀನು ಸುಟ್ಟು, ಗಾಂಧಾರಿ ಮೆಣಸು ಹಾಕಿ ಪಜ್ಜಿ ಅರೆದರೆ ಗಂಜಿಯ ಬಟ್ಟಲು ಎರಡು ಸಲ ತುಂಬುತ್ತದೆ. ಕುಶಾಲನಗರದಿಂದ ಬರುವಾಗ ಬಿಸಿಬಿಸಿ ನೇಂದ್ರ ಚಿಪ್ಸ್ ಕಟ್ಟಿಸುತ್ತೇವೆ. 100 ಗ್ರಾಂನಲ್ಲಿ 500 ಕ್ಯಾಲರಿಗೂ ಮೇಲೆ, ಮನೆ ಮುಟ್ಟುವಷ್ಟರಲ್ಲಿ ಪೊಟ್ಟಣ ಖಾಲಿ. ಅದೇ ಚಿಪ್ಸನ್ನು ಉಪ್ಪಿಲ್ಲದೆ ಕೊಟ್ಟರೆ ನಾಲ್ಕು ತಿಂದು ಪಕ್ಕಕ್ಕಿಡುತ್ತೀರಿ. ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮಲ್ಲಿ ಸಂಜೆ ಪೆಗ್ಗಿನ ಜೊತೆ ನಂಚಿಕೊಳ್ಳಲು ಉಪ್ಪು ಹುರಿದ ಕಡಲೆಬೀಜ, ಹಂದಿ ಫ್ರೈ. ಉಪ್ಪು ಬಾಯಿ ಒಣಗಿಸುತ್ತದೆ, ಒಣಗಿದ ಬಾಯಿ ಇನ್ನೊಂದು ಪೆಗ್ ಕೇಳುತ್ತದೆ. ಮದ್ಯಸಾರದ ಒಂದು ಗ್ರಾಂನಲ್ಲಿ 7 ಕ್ಯಾಲರಿ. ಮಕ್ಕಳ ವಿಷಯದಲ್ಲಿ ಪೆಗ್ಗಿನ ಜಾಗದಲ್ಲಿ ಬಣ್ಣದ ಸಿಹಿ ಪಾನೀಯ ಇಟ್ಟುಕೊಳ್ಳಿ, ಕಥೆ ಅದೇ.

ಹಾಗಾಗಿ ನನ್ನ ತಿಳುವಳಿಕೆ ಹೀಗಿದೆ: ಉಪ್ಪು ತಾನೇ ಕೊಬ್ಬಾಗುವುದಿಲ್ಲ. ಕೊಬ್ಬಾಗುವ ತಿನಿಸಿಗೆ ಅದು ಬಾಗಿಲು ತೆಗೆದು ಒಳಗೆ ಕರೆಯುತ್ತದೆ. ಉಪ್ಪು ಕಡಿಮೆ ಮಾಡಿಯೂ ಆರು ಕಡಂಬುಟ್ಟು ತಿಂದರೆ ತೂಕ ಇಳಿಯುವುದಿಲ್ಲ. ಬಿಪಿ ಮಾತ್ರ ಇಳಿಯುತ್ತದೆ, ಅದೇ ದೊಡ್ಡ ಲಾಭ. ಬಿಪಿಗಾಗಿ ಉಪ್ಪು ಇಳಿಸಿ, ತೂಕಕ್ಕಾಗಿ ತಟ್ಟೆ ನೋಡಿ. ಎರಡನ್ನೂ ಒಂದೇ ಮುಳ್ಳಿನಲ್ಲಿ ಅಳೆಯಲು ಹೋಗಿ ಆ ಅಕ್ಕ ಮೋಸಹೋದರು.

ಎಷ್ಟು ಉಪ್ಪು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಪುಡಿ ಉಪ್ಪು ಮಟ್ಟಸ ಒಂದು ಟೀ ಚಮಚಕ್ಕೂ ತುಸು ಕಡಿಮೆ. ನಮ್ಮ ದೇಶದಲ್ಲಿ ಸರಾಸರಿ 8ರಿಂದ 11 ಗ್ರಾಂ ತಿನ್ನುತ್ತೇವೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ದಿನಾ ತಕ್ಕಡಿ ಹಿಡಿಯುವುದು ಯಾರಿಂದಲೂ ಆಗದು. ಒಂದು ಸುಲಭದ ದಾರಿ ಇದೆ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಅಂದರೆ ಒಂದು ಕಿಲೋ 50 ದಿನ ಬರಬೇಕು. ತಿಂಗಳೊಳಗೆ ಮುಗಿದರೆ ಕೈ ಹೆಚ್ಚಿದೆ ಅಂತ ತಿಳಿಯಿರಿ. ಮೀನು ತೊಳೆಯಲು, ಮಾವಿನಕಾಯಿ ಭರಣಿಗೆ ಹಾಕಲು, ಇಂಬಳಕ್ಕೆ ಬೇರೆ ಡಬ್ಬಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಅಂಗಡಿಯ ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು.

ನಮ್ಮ ಅಡುಗೆಗೆ ಒಂದು ಅನುಕೂಲ ಇದೆ. ಹುಳಿ ಇದ್ದರೆ ಕಡಿಮೆ ಉಪ್ಪೂ ನಾಲಿಗೆಗೆ ಸಾಕೆನಿಸುತ್ತದೆ. ನಮ್ಮಲ್ಲಿ ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ ಕಾಚಂಪುಳಿ ಇದೆ, ತೋಟದ ಕರಿಮೆಣಸು ಇದೆ. ಉಪ್ಪನ್ನು ಒಂದೇ ಸಲ ಕತ್ತರಿಸಬೇಡಿ, ವಾರ ವಾರ ಚಿಟಿಕೆ ಚಿಟಿಕೆ ಇಳಿಸಿ. ಎರಡು ಮೂರು ತಿಂಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಸಾರೇ ಉಪ್ಪುಪ್ಪು ಅನಿಸುತ್ತದೆ.

ಕಾಚಂಪುಳಿ ಅಂದಾಗ ನೆನಪಾಯಿತು. ಅದರ ಹಣ್ಣು ಗಾರ್ಸೀನಿಯಾ ಜಾತಿಯದು, ಅದರ ಸಾರದ ಮಾತ್ರೆಯನ್ನು ತೂಕ ಇಳಿಸುವ ಔಷಧಿ ಅಂತ ಮಾರುತ್ತಾರೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ಮಾಡಿದರು. ಬರೀ ಹುಸಿಮಾತ್ರೆ ತಿಂದವರಿಗಿಂತ ಇವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಅಂಥ ಮಾತ್ರೆ ತಿಂದು ಲಿವರ್ ಕೆಟ್ಟವರ ವರದಿಗಳೂ ಇವೆ. ಕರಿಗೆ ಕಾಚಂಪುಳಿ ಹಾಕಿ, ಮಾತ್ರೆಗೆ ದುಡ್ಡು ಹಾಕಬೇಡಿ. ಪಿಂಕ್ ಸಾಲ್ಟ್, ಸೈಂಧವ ಉಪ್ಪಿಗೂ ಇದೇ ಮಾತು. ಹೆಚ್ಚುಕಡಿಮೆ ಎಲ್ಲವೂ ಅದೇ ಸೋಡಿಯಂ ಕ್ಲೋರೈಡ್, ಅಯೋಡಿನ್ ಸೇರಿಸಿರುವುದಿಲ್ಲ ಅಷ್ಟೇ.

ಲೋ ಸೋಡಿಯಂ ಉಪ್ಪಿನ ಬಗ್ಗೆ ಮಾತ್ರ ಗಟ್ಟಿ ಆಧಾರ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಬಂತು. ಮುಕ್ಕಾಲು ಭಾಗ ಸೋಡಿಯಂ, ಕಾಲು ಭಾಗ ಪೊಟ್ಯಾಸಿಯಂ ಇದ್ದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು. ಆದರೆ ಕಿಡ್ನಿ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮನೆಗೆ ತರಬೇಡಿ. ಅವರಿಗೆ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ.

ಇನ್ನು ಎರಡು ಮಾತು ಮನೆಯ ಹಿರಿಯರ ಬಗ್ಗೆ. ನೀರು ಇಳಿಸುವ ಮಾತ್ರೆ ತಿನ್ನುತ್ತಿರುವ ಅಜ್ಜಿಗೆ ನೀವಾಗಿಯೇ ಪೂರ್ತಿ ಸಪ್ಪೆ ಊಟ ಶುರುಮಾಡಬೇಡಿ. ಸೋಡಿಯಂ ಇಳಿದುಹೋಗಿ ಮಾತು ತಪ್ಪುತ್ತಾರೆ, ಹಗಲು ರಾತ್ರಿ ತಿಳಿಯುವುದಿಲ್ಲ, ಬೀಳುತ್ತಾರೆ. "ಅಜ್ಜಿಗೆ ಅರಳುಮರಳು" ಅಂತ ಕರೆತಂದವರಲ್ಲಿ ಎಷ್ಟೋ ಜನರಿಗೆ ಇದ್ದದ್ದು ಇದು. ಎರಡನೆಯದು, ಹೃದಯದ ಕಾಯಿಲೆ ಇರುವವರ ತೂಕ. ಅವರಿಗೆ ಆ ನೀರಿನ ಕಿಲೋವೇ ಮುಖ್ಯ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ, ಪಾದ ಒತ್ತಿದರೆ ಗುಳಿ ಬಿದ್ದು, ಮಲಗಿದರೆ ಉಸಿರು ಕಟ್ಟುವ ಹಾಗಾದರೆ ಮಳೆ ನಿಲ್ಲಲಿ ಅಂತ ಕಾಯಬೇಡಿ. ಆ ರಾತ್ರಿಯೇ ಹೊರಡಿ.

ನಾನು ಬಿಪಿ ನೋಡುವ ಮೆಷಿನ್ ತಂದಿದ್ದೇನೆ. ಕಾಫಿ ಕುಡಿದವರು ಅರ್ಧ ಗಂಟೆ ಬಿಟ್ಟು ಬನ್ನಿ, ಉಳಿದವರು ಈಗಲೇ ಬಂದು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಪ್ರಶ್ನೆಗಳನ್ನು ಅಲ್ಲಿಯೇ ಕೇಳಬಹುದು.